ಓದಿನಿಂದ ಬರುವ ಹೊಟ್ಟೆನೋವು

ತಿಂಗಳ ಹೊಟ್ಟೆನೋವು ಬರುವುದು ಓದುವ ಹೆಣ್ಣುಮಕ್ಕಳಿಗೆ ಮಾತ್ರ. ಇದು ಆಗ ಕೊಡಗಿನಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಗಾಳಿಬೀಡಿನಲ್ಲಿ ನನ್ನ ಅಕ್ಕನ ಅತ್ತೆಗೆ ಗೊತ್ತಿತ್ತು. ಅವರನ್ನು ಮನೆಯವರೆಲ್ಲ ಅಜ್ಜಿ ಎಂದೇ ಕರೆಯುತ್ತಿದ್ದರು. ಅವರ ಮಗ, ಅಂದರೆ ನನ್ನ ಭಾವನಿಗೆ ಗೊತ್ತಿತ್ತು. ಮಡಿಕೇರಿಯ ಬಿಳಿ ಡಾಕ್ಟರಿಗೂ ಗೊತ್ತಿತ್ತು. ಅಜ್ಜಿಯ ಪ್ರಕಾರ ಪುಸ್ತಕ ಹಿಡಿದು ಕೂತರೆ ಉಷ್ಣ ಹೊಟ್ಟೆಗೆ ಇಳಿಯುತ್ತದೆ. ಡಾಕ್ಟರ ಪ್ರಕಾರ ರಕ್ತ ತಲೆಗೆ ಏರುತ್ತದೆ. ಭಾವ ಏರುವುದನ್ನೂ ಇಳಿಯುವುದನ್ನೂ ಒಟ್ಟಿಗೆ ನಂಬಿದ್ದರು.

ನಾನು ಮದ್ರಾಸಿನಲ್ಲಿ ಬಿ.ಎ. ಮಾಡಿ ಬಂದು ಮಡಿಕೇರಿಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳು. ಅಷ್ಟು ಓದಿಯೂ ನನಗೆ ಆ ನೋವು ಹೇಳಿಕೊಳ್ಳುವಷ್ಟು ಇರಲಿಲ್ಲ. ಈ ಮಾತನ್ನು ಒಮ್ಮೆ ಎತ್ತಿದೆ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬಿ.ಎ. ಆದ ಮೇಲೆ ನೀನು ಹೆಂಗಸರ ಲೆಕ್ಕಕ್ಕೆ ಇಲ್ಲೆ," ಎಂದು ಬದಿಗೆ ಸರಿಸಿದರು.

ಇಂಥವು ನಮ್ಮ ಮನೆಗಳಲ್ಲಿ ನಡೆಯುತ್ತಲೇ ಇರುತ್ತವೆ. ನೋವು ಒಬ್ಬಳದಾದರೂ ಮದ್ದು ಮನೆಮಂದಿಯದು.

ಇಲ್ಲಿ ನೋವು ಅಕ್ಕನ ಮಗಳದು. ಪೇಟೆಯಲ್ಲಿ ನನ್ನ ಜೊತೆ ಇದ್ದುಕೊಂಡು ನಮ್ಮ ಶಾಲೆಯ ಕೊನೆಯ ತರಗತಿಯಲ್ಲಿ ಓದುತ್ತಿದ್ದಳು. ಎಸ್ಸೆಸ್ಸೆಲ್ಸಿ ಪಾಸಾದರೆ ಮಂಗಳೂರಿನ ಕಾಲೇಜಿಗೆ ಹೋಗಬೇಕು ಎಂಬುದು ಅವಳ ಹಟ. ಆದರೆ ತಿಂಗಳಿಗೊಮ್ಮೆ ಭಾವ ಎತ್ತಿನ ಗಾಡಿ ತಂದು ಅವಳನ್ನು ಊರಿಗೆ ಒಯ್ಯುತ್ತಿದ್ದರು. ಆ ದಿನಗಳಲ್ಲಿ ಹೆಂಗಸರು ಇರಬೇಕಾದ ಹೊರಗಿನ ಕೋಣೆ ನನ್ನ ಬಾಡಿಗೆ ಮನೆಗೆ ಇರಲಿಲ್ಲ. ದಾರಿಯುದ್ದಕ್ಕೂ ಗಾಡಿಯಲ್ಲಿ ಮುದುಡಿ ಮಲಗಿದ ಮಗಳನ್ನು ಕಂಡು ಭಾವ ಗುಂಡಿ ಬಂದಲ್ಲೆಲ್ಲ ಇಳಿದು ಎತ್ತುಗಳನ್ನು ಕೈಹಿಡಿದು ನಡೆಸುತ್ತಿದ್ದರು. ಒಳ್ಳೆಯ ಮನುಷ್ಯ. ತೊಂದರೆ ಅದೇ.

ಆ ವರ್ಷ ಸುಗ್ಗಿಯ ಹುತ್ತರಿ ಹಬ್ಬ ಕಳೆದ ಮೇಲೆ ಅವರು ತೀರ್ಮಾನ ಹೇಳಿದರು. "ನೋಡು ಟೀಚರಮ್ಮ, ಪರೀಕ್ಷೆಯೊಳಗೆ ಈ ನೋವಿಗೊಂದು ದಾರಿ ಹುಡುಕು. ಪರೀಕ್ಷೆಯ ದಿನವೂ ಹೀಗೆ ಬಿದ್ದುಕೊಂಡರೆ ಓದು ಅಲ್ಲಿಗೇ ನಿಂತಿತು. ಮಗಳ ಜೀವ ತೆಗೆದು ಪಾಸು ಮಾಡಿಸುವುದು ನನಗೆ ಬೇಡ."

ಹುಡುಗಿ ನನ್ನ ಮುಖ ನೋಡಿದಳು. ನಾನು ಓದಿದ್ದು ಇತಿಹಾಸ. ಅದರಲ್ಲಿ ಹೊಟ್ಟೆನೋವಿನ ಪ್ರಸ್ತಾಪ ಬರುವುದು ರಾಜನಿಗೆ ವಿಷ ಹಾಕಿದಾಗ ಮಾತ್ರ.

ಉಪ್ಪಿನ ಗಂಟು

ಮೊದಲ ಸರದಿ ಅಜ್ಜಿಯದು. ಅವರ ಮದ್ದು ನಿಜಕ್ಕೂ ಒಳ್ಳೆಯದೇ. ಕಲ್ಲುಪ್ಪನ್ನು ಬಾಣಲೆಯಲ್ಲಿ ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ಕಿಬ್ಬೊಟ್ಟೆಗೆ ಶಾಖ ಕೊಡುವುದು. ಬಿಸಿ ತಾಗಿದರೆ ನೋವು ಸಡಿಲವಾಗುತ್ತದೆ. ಇದರಲ್ಲಿ ಅಜ್ಜಿಗೂ ನನಗೂ ಜಗಳವಿಲ್ಲ.

ಜಗಳ ಸಾಗಣೆಯದು. ಒಲೆ ಒಳಗೆ, ಹುಡುಗಿ ಹೊರಗಿನ ಕೋಣೆಯಲ್ಲಿ. ಗಂಟನ್ನು ಹೊಸ್ತಿಲ ಮೇಲಿಟ್ಟು, ಇಟ್ಟವರು ಹಿಂದೆ ಸರಿದ ಮೇಲೆ, ಅವಳು ಬಂದು ಎತ್ತಿಕೊಳ್ಳಬೇಕು. ಅವಳು ಮುಟ್ಟಿದ ಬಟ್ಟೆ ಅಂದು ಮತ್ತೆ ಒಳಗೆ ಬರುವಂತಿಲ್ಲ. ಆದ್ದರಿಂದ ತಣ್ಣಗಾದ ಗಂಟನ್ನೇ ಮತ್ತೆ ಬಿಸಿ ಮಾಡುವ ಹಾಗಿಲ್ಲ. ಪ್ರತಿ ಸಲವೂ ಹೊಸ ಉಪ್ಪು, ಹೊಸ ಬಟ್ಟೆ.

ಅಕ್ಕನದು ಮಾತು ಕಡಿಮೆ. ಒಲೆಯ ಮುಂದೆ ಕೂತು ಉಪ್ಪು ಹುರಿದೇ ಹುರಿದಳು. ಅಜ್ಜಿ ಕಟ್ಟಿದರು. ನಾನು ಹೊಸ್ತಿಲಿಗೆ ಸಾಗಿಸಿದೆ. ಹಳೆ ಸೀರೆಯ ತುಂಡುಗಳು ಮುಗಿದವು. ಟವೆಲುಗಳು ಮುಗಿದವು. ದಿಂಬಿನ ಚೀಲಗಳೂ ಹೋದವು. ಹೊರಗಿನ ಕೋಣೆಯಲ್ಲಿ ಉಪ್ಪಿನ ವ್ಯಾಪಾರಕ್ಕೆ ಕೂರುವಷ್ಟು ಗಂಟುಗಳು ಸೇರಿದವು. ಅಂದಿನ ಸಾರಿಗೆ ಮಾತ್ರ ಉಪ್ಪು ಇರಲಿಲ್ಲ.

ಸಂಜೆ ಭಾವ ನೆಂಟರ ಮದುವೆಗೆ ಹೊರಟರು. ಪೆಟ್ಟಿಗೆ ತೆರೆದರೆ ರುಮಾಲು ಇಲ್ಲ.

"ಅವ್ವಾ, ನನ್ನ ರುಮಾಲು ಎಲ್ಲಿ?"

"ಗೂಡೆಯ ಹೊಟ್ಟೆ ಮೇಲೆ ಉಟ್ಟು," ಎಂದರು ಅಜ್ಜಿ. ನಮ್ಮ ಅರೆಭಾಷೆಯಲ್ಲಿ ಹುಡುಗಿ ಎಂದರೆ ಗೂಡೆ, ಉಂಟು ಎಂದರೆ ಉಟ್ಟು.

"ಮಂಡೆಗೆ ಕಟ್ಟುವುದನ್ನು ತೆಗೆದು ಹೊಟ್ಟೆಗೆ ಕಟ್ಟುವುದಾ!"

"ನಿನ್ನ ಮಂಡೆಯಲ್ಲಿ ಅದಕ್ಕೆ ಎಂತ ಕೆಲಸ ಇತ್ತು, ಮಗ?"

ಭಾವನ ತಪಾಸಣೆ

ರುಮಾಲು ಹೋದ ಮೇಲೆ ಭಾವನಿಗೆ ಇಂಗ್ಲಿಷ್ ಮದ್ದಿನ ಮೇಲೆ ಮನಸ್ಸಾಯಿತು. ಎಸ್ಟೇಟ್ ದೊರೆಗಳನ್ನು ನೋಡಿಕೊಳ್ಳಲೆಂದು ಬಂದು ಮಡಿಕೇರಿಯಲ್ಲಿ ನೆಲೆಸಿದ್ದ ಬಿಳಿ ಡಾಕ್ಟರೊಬ್ಬರ ಬಂಗಲೆಗೆ ಮಗಳನ್ನು ಕರೆತಂದರು. ಇಂಗ್ಲಿಷ್ ಬರುವವಳು ಎಂದು ನನ್ನನ್ನೂ ಕರೆದರು. ಗೇಟಿನಲ್ಲೇ ಎಚ್ಚರಿಕೆ ಕೊಟ್ಟರು.

"ನೀನು ಬಾಯಿ ಬಿಡಬೇಡ, ಟೀಚರಮ್ಮ. ಪರಗಂಡಸಿನ ಎದುರು ಹೆಂಗಸರು ಆಡುವ ಮಾತಲ್ಲ ಇದು. ನಾನೇ ಹೇಳುತ್ತೇನೆ."

ಮಗಳನ್ನೂ ನನ್ನನ್ನೂ ಪರದೆಯ ಆಚೆ ಬೆಂಚಿನ ಮೇಲೆ ಕೂರಿಸಿ ಭಾವ ಒಳಗೆ ಹೋದರು. ಪರದೆ ತೆಳ್ಳಗಿತ್ತು.

ಡಾಕ್ಟರಿಗೆ ಕನ್ನಡ ಆಳುಗಳನ್ನು ಗದರಿಸುವಷ್ಟು ಬರುತ್ತಿತ್ತು. "ಎಂತ?" ಎಂದರು.

ಭಾವ ಬಾಯಿ ತೆರೆದರು. ಮಗಳ ಮುಟ್ಟಿನ ವಿಷಯ ನಾಲಗೆಯವರೆಗೆ ಬಂದು ಅಲ್ಲಿಯೇ ನಿಂತಿತು. ಕೊನೆಗೆ, "ನೋವು," ಎಂದರು.

"ಎಲ್ಲಿ?"

ಮಗಳನ್ನು ತೋರಿಸಲು ನಾಚಿಕೆ. ತಮ್ಮ ಹೊಟ್ಟೆಯನ್ನೇ ತೋರಿಸಿದರು.

"ಯಾವಾಗ?"

"ತಿಂಗಳಿಗೊಮ್ಮೆ."

ಡಾಕ್ಟರ್ ಭಾವನ ಮೀಸೆಯನ್ನು ನೋಡಿದರು. ಆಮೇಲೆ ಮೇಜು ತೋರಿಸಿ, "ಮಲಗು," ಎಂದರು. ಬಿಳಿಯರು ಮಲಗು ಎಂದರೆ ಮಲಗುವ ಕಾಲ ಅದು. ಭಾವ ಮಲಗಿದರು. ಡಾಕ್ಟರ್ ಒಂದು ಕಡೆ ಒತ್ತಿದರು.

"ಇಲ್ಲಿ?"

"ಅಲ್ಲಿಯೇ ಅಂತ."

ಇನ್ನೊಂದು ಕಡೆ ಒತ್ತಿದರು. "ಇಲ್ಲಿ?"

"ಅಲ್ಲೂ ಉಂಟು ಅಂತ ಹೇಳ್ತಾಳೆ."

ಡಾಕ್ಟರ್ ಒಂದು ದೊಡ್ಡ ಸೀಸೆ ಹರಳೆಣ್ಣೆ ತೆಗೆದು ಮೇಜಿನ ಮೇಲಿಟ್ಟರು. ಪಕ್ಕದಲ್ಲಿದ್ದ ಹುಡುಗಿ ನೋವನ್ನು ಮರೆತು ಸೆರಗು ಬಾಯಿಗೆ ತುರುಕಿಕೊಂಡಿದ್ದಳು. ಇನ್ನು ಸಾಕು ಎಂದು ನಾನು ಪರದೆ ಸರಿಸಿ ಇಂಗ್ಲಿಷಿನಲ್ಲಿ ವಿಷಯ ಹೇಳಿದೆ. ಡಾಕ್ಟರ ಕಿವಿ ಕೆಂಪಾಯಿತು. ಹುಡುಗಿಯನ್ನು ನೋಡಲಿಲ್ಲ, ಅವಳ ಕೈಯಲ್ಲಿದ್ದ ಭೂಗೋಳದ ಪುಸ್ತಕ ನೋಡಿದರು. "ಓದುತ್ತಾಳೋ? ಹಾಗಾದರೆ ಇನ್ನೇನು. ರಕ್ತವೆಲ್ಲ ತಲೆಗೆ ಹೋದರೆ ಕೆಳಗೆ ನೋವು ಬಾರದೆ ಇರುತ್ತದೆಯೇ? ಪುಸ್ತಕ ಮುಚ್ಚಿಸಿ, ಮದುವೆ ಮಾಡಿ," ಎಂದರು. ಇಷ್ಟನ್ನು ಕಲಿಯಲು ಅವರು ವಿಲಾಯತಿಯಲ್ಲಿ ವರ್ಷಗಟ್ಟಲೆ ಓದಿದ್ದರು. ಅಜ್ಜಿ ಅಡುಗೆಮನೆ ಬಿಟ್ಟು ಕದಲದೆ ಕಲಿತಿದ್ದರು.

ದೊರೆ ಕೊಟ್ಟ ಮದ್ದನ್ನು ಚೆಲ್ಲಬಾರದು ಎಂದು ಭಾವ ಮನೆಗೆ ಹೋಗಿ ಹರಳೆಣ್ಣೆಯನ್ನು ತಾವೇ ಕುಡಿದರು. ಮರುದಿನವಿಡೀ ತೋಟದಲ್ಲೇ ಇದ್ದರು. ತೋಟದ ಕೆಲಸ ಒಂದೂ ಆಗಲಿಲ್ಲ.

ಮರದ ಹಾಲು

ಕುಟ್ಟದ ಕಡೆ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ ಹೆಂಡತಿ ನನ್ನ ಸ್ನೇಹಿತೆ. ದೊರೆಸಾನಿ ವಿಲಾಯತಿಗೆ ಮರಳುವಾಗ ಬಿಟ್ಟುಹೋದ ಸಾಮಾನಿನಲ್ಲಿ ಸಿಕ್ಕಿತು ಎಂದು ಅವಳು ನನಗೊಂದು ರಬ್ಬರ್ ಚೀಲ ಕಳಿಸಿದಳು. ಅದಕ್ಕೆ ಬಿಸಿನೀರು ತುಂಬಿ ಬಿರಡೆ ತಿರುಗಿಸಿ ಹೊಟ್ಟೆಯ ಮೇಲಿಟ್ಟುಕೊಂಡರೆ ಬಹಳ ಹೊತ್ತು ಬಿಸಿ ಆರುವುದಿಲ್ಲ. ಬಟ್ಟೆ ಹರಿಯಬೇಕಾಗಿಲ್ಲ, ಉಪ್ಪು ಹುರಿಯಬೇಕಾಗಿಲ್ಲ, ಯಾರ ರುಮಾಲಿಗೂ ಅಪಾಯವಿಲ್ಲ. ಮುಂದಿನ ತಿಂಗಳು ಅದನ್ನು ಗಾಳಿಬೀಡಿಗೆ ಒಯ್ದೆ.

ಹೊಸ್ತಿಲಲ್ಲಿ ಸಭೆ ಕೂತಿತು. ಚೀಲ ತಣ್ಣಗಾದ ಮೇಲೆ ನೀರು ತುಂಬಲು ಅದು ಒಳಗೆ ಬರಬೇಕು. ಬರಬಹುದೇ? ಹಿತ್ತಾಳೆಯ ಪಾತ್ರೆಯಾದರೆ ಹುಣಸೆಹಣ್ಣು ಹಾಕಿ ಉಜ್ಜಿದರೆ ಸರಿಹೋಗುತ್ತದೆ. ಬಟ್ಟೆಯಾದರೆ ಒಗೆಯಬೇಕು. ಮಣ್ಣಿನ ಮಡಕೆಯಾದರೆ ಒಡೆಯಬೇಕು. ರಬ್ಬರಾದರೆ? ಈ ಮನೆಯ ಹಿರಿಯರು ಯಾರೂ ರಬ್ಬರ್ ಕಂಡವರಲ್ಲ. ಆದ್ದರಿಂದ ಅದರ ವಿಷಯ ಏನೂ ಹೇಳಿಹೋಗಿರಲಿಲ್ಲ.

"ಬೇಡ," ಎಂದರು ಭಾವ. "ಗೊತ್ತಿಲ್ಲದ್ದನ್ನು ಒಳಗೆ ತರುವುದು ಬೇಡ."

ಒಳಗಿದ್ದ ಅಜ್ಜಿ ಹೊರಬಂದು, ಚೀಲವನ್ನು ಎತ್ತಿ ಮೂಸಿ ನೋಡಿದರು. "ನಂಗೆ ಗೊತ್ತುಟ್ಟು. ನನ್ನ ತವರು ಕರಿಕೆ. ಅಲ್ಲಿ ಮಲೆಯಾಳದವರು ಇದರ ಮರ ನೆಟ್ಟಿದ್ದಾರೆ. ತೊಗಟೆ ಗೀರಿ ಚಿಪ್ಪಿನಲ್ಲಿ ಹಿಡಿಯುತ್ತಾರೆ. ಇದು ಮರದ ಹಾಲು. ಹಾಲಿಗೆ ಎಂತ ಮೈಲಿಗೆ?"

"ಮುಟ್ಟಾದವರು ಹಾಲು ಮುಟ್ಟಬಾರದು ಎಂದು ಇಷ್ಟು ವರ್ಷ ಹೇಳಿದವಳು ನೀನೇ ಅಲ್ಲವಾ ಅವ್ವ?"

"ಅದು ದನದ ಹಾಲು. ಮುಟ್ಟಿದರೆ ಕೆಚ್ಚಲು ಬತ್ತುತ್ತದೆ. ಮರಕ್ಕೆ ಕೆಚ್ಚಲು ಉಟ್ಟಾ?"

ಭಾವ ಯೋಚಿಸಿದರು. ಮರಕ್ಕೆ ಕೆಚ್ಚಲು ಇಲ್ಲ ಎಂಬುದನ್ನು ಅವರೂ ಒಪ್ಪಲೇಬೇಕಾಯಿತು. ಮದ್ರಾಸಿನಲ್ಲಿ ನಾನು ಕೇಳಿದ ತರ್ಕಶಾಸ್ತ್ರದ ಪಾಠ ಯಾವುದೂ ಇಷ್ಟು ಬೇಗ ತೀರ್ಮಾನಕ್ಕೆ ಬಂದದ್ದಿಲ್ಲ.

ಚೀಲ ಒಳಗೂ ಹೊರಗೂ ಓಡಾಡಿತು. ಮಧ್ಯಾಹ್ನದ ಹೊತ್ತಿಗೆ ಹುಡುಗಿ ಎದ್ದು ಕೂತು ಬೀಜಗಣಿತ ಮಾಡುತ್ತಿದ್ದಳು. ಆ ನೋವಿನಲ್ಲಿ ಅವಳು ಎದ್ದು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸಂಜೆ ಚೀಲ ಕಾಣಿಸಲಿಲ್ಲ. ಹುಡುಕಿದರೆ ಅಡುಗೆಮನೆಯ ಮೂಲೆಯಲ್ಲಿ ಅಜ್ಜಿ ಕಾಲು ಚಾಚಿ ಕೂತಿದ್ದರು. ಚೀಲ ಅವರ ಮಂಡಿಯ ಮೇಲಿತ್ತು.

"ಅಜ್ಜಿ, ಅದು ಅವಳಿಗೆ ಬೇಕು."

"ತಡಿ. ಇದು ಒಳಗೆ ಬಂದದ್ದಕ್ಕೆ ಮನೆಗೆ ಎಂತಾದರೂ ಕೆಡುಕು ಆಗುತ್ತದಾ ಅಂತ ಪರೀಕ್ಷೆ ಮಾಡ್ತಾ ಇದ್ದೇನೆ."

ಆ ಪರೀಕ್ಷೆ ಹುಡುಗಿಯ ಪರೀಕ್ಷೆ ಮುಗಿದರೂ ಮುಗಿದಿರಲಿಲ್ಲ.

ಕಣದ ಕಾವಲು

ನೋವಿದ್ದವಳು ಮಲಗಿರಬೇಕು, ಕದಲಬಾರದು ಎಂಬುದು ಮನೆಯ ಕಾನೂನು. ಮದ್ರಾಸಿನ ನಮ್ಮ ಹಾಸ್ಟೆಲಿನಲ್ಲಿ ವ್ಯಾಯಾಮ ಕಲಿಸುತ್ತಿದ್ದ ಹೆಂಗಸು ಇದಕ್ಕೆ ತದ್ವಿರುದ್ಧ. ಹೊಟ್ಟೆ ಹಿಡಿದು ಮಲಗಿದವರನ್ನು ಎಬ್ಬಿಸಿ ಅಂಗಳದಲ್ಲಿ ನಡೆಸುತ್ತಿದ್ದಳು. ನಾವು ಅವಳಿಗೆ ಶಾಪ ಹಾಕುತ್ತಾ ನಡೆಯುತ್ತಿದ್ದೆವು. ಶಾಪ ಮುಗಿಯುವ ಹೊತ್ತಿಗೆ ಎಷ್ಟೋ ಜನರಿಗೆ ನೋವೂ ಕಡಿಮೆಯಾಗಿರುತ್ತಿತ್ತು.

ಇದನ್ನು ಹೇಳಿದಾಗ ಭಾವ ನಕ್ಕುಬಿಟ್ಟರು. "ನಡೆಯಲಿಕ್ಕೆ ಆಗುತ್ತದೆ ಎಂದರೆ ನೋವಿಲ್ಲ ಎಂದು ಅರ್ಥ. ನೋವಿಲ್ಲದಿದ್ದರೆ ಮದ್ದು ಎಂತಕ್ಕೆ?"

ಆದರೂ ಹುಡುಗಿ ಎದ್ದಳು. ಪರೀಕ್ಷೆ ಅವಳದು, ಭಾವನದಲ್ಲ. ಎಲ್ಲಿ ನಡೆಯುವುದು ಎಂಬುದು ಮುಂದಿನ ಪ್ರಶ್ನೆಯಾಯಿತು. ದೇವರ ಕಡೆ ಹೋಗುವಂತಿಲ್ಲ, ಕೊಟ್ಟಿಗೆಯ ಕಡೆ ಬೇಡ, ಬಾವಿಯ ಕಡೆ ಬೇಡ, ಭತ್ತ ತುಂಬಿಡುವ ಪತ್ತಾಯದ ಹತ್ತಿರ ಸುಳಿಯಬಾರದು. ಉಳಿದದ್ದು ಕಾಫಿ ಒಣಗಲು ಹಾಕಿದ್ದ ಕಣ.

"ಕಾಫಿಗೆ ಮೈಲಿಗೆ ಆಗುವುದಿಲ್ಲವಾ?" ಎಂದು ಕೇಳಿದೆ. ನನಗೆ ಕುತೂಹಲ.

"ಕಾಫಿಗೆ ಪರವಾಗಿಲ್ಲ," ಎಂದರು ಭಾವ. "ಅದನ್ನು ಕುಡಿಯುವವರು ಬಿಳಿಯರು."

ಹುಡುಗಿ ಕೈಯಲ್ಲಿ ಇತಿಹಾಸದ ಪುಸ್ತಕ ಹಿಡಿದು ಕಣದ ಸುತ್ತ ನಡೆದಳು. ಮೊದಲು ಬಗ್ಗಿಕೊಂಡು, ಆಮೇಲೆ ನೆಟ್ಟಗೆ. ಅವಳು ಗಟ್ಟಿಯಾಗಿ ಪಾಠ ಒಪ್ಪಿಸುತ್ತಾ ಬರುವುದನ್ನು ಕಂಡು ಕಾಫಿ ಕೆದರಲು ಬಂದ ಕೋಳಿಗಳು ಓಡಿದವು. ಮೊಘಲರ ಪತನದ ಹೊತ್ತಿಗೆ ಪಕ್ಕದ ಮನೆಯ ಕರುವೂ ಓಡಿತು. ಅವಳು ಇದ್ದ ದಿನಗಳಲ್ಲಿ ಕಾಫಿ ಯಾವ ಕಾಟವೂ ಇಲ್ಲದೆ ಒಣಗಿತು. ನೋವು ಪೂರ್ತಿ ಹೋಯಿತು ಎಂದು ನಾನು ಹೇಳುವುದಿಲ್ಲ. ಹೊತ್ತುಕೊಂಡು ಓಡಾಡುವಷ್ಟಕ್ಕೆ ಇಳಿಯಿತು.

ನಾನು ಪೇಟೆಗೆ ಹೊರಟಾಗ ಭಾವ ಗೇಟಿನವರೆಗೆ ಬಂದರು. ಏನೋ ಹೇಳಲಿಕ್ಕೆ ಸಂಕೋಚ ಪಡುತ್ತಿದ್ದರು. ತಪ್ಪೊಪ್ಪಿಕೊಳ್ಳುತ್ತಾರೆ ಎಂದುಕೊಂಡೆ.

"ಟೀಚರಮ್ಮ, ಅವಳದು ಇನ್ನು ಯಾವಾಗ? ಕರಿಮೆಣಸು ಒಣಗಲು ಹಾಕುವುದಿತ್ತು."

ಮೇಲಿನ ನೋವಿನ ಗುಳಿಗೆ

ಪರೀಕ್ಷೆ ಹತ್ತಿರ ಬಂತು. ಕೈಯಲ್ಲಿ ಇನ್ನೊಂದು ಆಯುಧ ಇರಲಿ ಎಂದು ಪೇಟೆಯ ಔಷಧಿ ಅಂಗಡಿಗೆ ಹೋಗಿ ಆಸ್ಪಿರಿನ್ ಗುಳಿಗೆ ಕೇಳಿದೆ.

"ತಲೆನೋವಾ?" ಎಂದ ಅಂಗಡಿಯವ.

"ಅಲ್ಲ, ಹೊಟ್ಟೆ. ಹೆಂಗಸರ ಹೊಟ್ಟೆನೋವು."

ಅವನು ಡಬ್ಬಿಯನ್ನು ಹಿಂದಕ್ಕೆ ಎಳೆದುಕೊಂಡ. "ಆಗುವುದಿಲ್ಲಮ್ಮ. ಇದು ಮೇಲಿನ ನೋವಿಗೆ. ಕೆಳಗಿನದಕ್ಕೆ ಅಲ್ಲ."

"ತಲೆನೋವಿನವರು ಇದನ್ನು ಎಲ್ಲಿಗೆ ಹಚ್ಚಿಕೊಳ್ಳುತ್ತಾರೆ?"

"ಹಚ್ಚುವುದಲ್ಲ, ನುಂಗುವುದು."

"ನುಂಗಿದ್ದು ಎಲ್ಲಿಗೆ ಹೋಗುತ್ತದೆ?"

"ಹೊಟ್ಟೆಗೆ."

"ಹಾಗಾದರೆ ನಮಗೆ ದಾರಿ ಹತ್ತಿರವೇ ಆಯಿತು. ಕೊಡಿ."

ಕೊಟ್ಟ. ಕೊಟ್ಟ ಮೇಲೆ ಸುತ್ತ ನೋಡಿ ಮೆಲ್ಲಗೆ, ತನ್ನ ಮನೆಯವಳಿಗೂ ಒಂದು ಕೊಟ್ಟು ನೋಡಬಹುದೇ ಎಂದು ಕೇಳಿದ. ಆ ಅಂಗಡಿಯಲ್ಲಿ ಗುಳಿಗೆ ಮಾರುವವನು ಅವನು. ಕೇಳಬೇಕಾಗಿದ್ದವಳು ನಾನು.

ಗಾಡಿಯ ಹುಲ್ಲು

ಪರೀಕ್ಷೆಯ ಮೊದಲ ದಿನ ಬೆಳಗ್ಗೆ ಹುಡುಗಿ ಬಾಗಿಲ ಬಳಿ ನಿಂತು, "ಚಿಕ್ಕವ್ವ, ಇವತ್ತೇ," ಎಂದಳು. ಮುಖ ಬಿಳಿಚಿಕೊಂಡಿತ್ತು. ಶುಂಠಿ ಜಜ್ಜಿ ಕುದಿಸಿದ ಬಿಸಿ ಕಷಾಯ ಕೊಟ್ಟೆ. ತಿಂಡಿ ತಿನ್ನಿಸಿ ಗುಳಿಗೆ ಕೊಟ್ಟೆ. ಒಲೆಯ ಬದಿಯಲ್ಲಿ ಕೂರಿಸಿ ಬೆನ್ನಿಗೂ ಹೊಟ್ಟೆಗೂ ಶಾಖ ಕೊಟ್ಟೆ. "ನಡೆದೇ ಹೋಗೋಣ," ಎಂದಳು. ಹೊರಗೆ ಕಾಲಿಟ್ಟರೆ ಮನೆಯ ಮುಂದೆ ಭಾವನ ಗಾಡಿ ನಿಂತಿತ್ತು.

ದಿನ ಸರಿಯಾಗಿ ಇಂದಿಗೇ ಬರುತ್ತದೆ ಎಂದು ಅಜ್ಜಿ ಊರಿನಲ್ಲೇ ಹೇಳಿಬಿಟ್ಟಿದ್ದರು. ಮಗಳು ಮಲಗಲೆಂದು ಗಾಡಿಯ ತುಂಬ ಮೆತ್ತಗೆ ಹುಲ್ಲು ಹಾಸಿ, ಮೇಲೆ ಕಂಬಳಿ ಹೊದಿಸಿ ತಂದಿದ್ದರು. ಜೊತೆಗೆ ಅಜ್ಜಿಯೂ ಅಕ್ಕನೂ ಬಂದಿದ್ದರು.

"ಗಾಡಿ ಹತ್ತು ಮಗಳೇ. ಮನೆಗೆ ಹೋಗೋಣ," ಎಂದರು ಭಾವ.

"ಬರೆದು ಬರುತ್ತೇನೆ ಅಪ್ಪ."

"ನೋವಿಲ್ಲವಾ?"

"ಉಂಟು. ಬರೆಯುವುದು ಕೈಯಲ್ಲಿ."

ಕೊನೆಗೆ ಒಂದು ಒಪ್ಪಂದವಾಯಿತು. ಹೋಗಲಿ, ಬರೆಯಲಿ. ನಡುವೆ ಎದ್ದು ಬಂದರೆ ಗಾಡಿ ಗೇಟಿನಲ್ಲೇ ಇರುತ್ತದೆ, ಹತ್ತಿ ಮಲಗಬೇಕು. ಆಮೇಲೆ ಶಾಲೆಯ ಹೆಸರು ಎತ್ತಬಾರದು. "ಸರಿ," ಎಂದು ಅವಳು ನಡೆದಳು. ಹ್ಞಾಂ, ನಡೆದೇ ಹೋದಳು. ಗಾಡಿ ಹಿಂದೆ ಬಂತು.

ಶಾಲೆಯ ಗೇಟಿನ ಹೊರಗೆ ಭಾವ ಕಣ್ಣು ಮಿಟುಕಿಸದೆ ಬಾಗಿಲು ನೋಡುತ್ತಾ ನಿಂತರು. ಅಜ್ಜಿ ಎಲೆಯಡಿಕೆ ಹಾಕುತ್ತಾ ಮರದ ಬುಡದಲ್ಲಿ ಕೂತರು. ಅಕ್ಕ ಗಾಡಿಯಲ್ಲೇ ಉಳಿದಳು. ಒಮ್ಮೆ ಬಾಗಿಲು ತೆರೆದು ಒಬ್ಬಳು ಹುಡುಗಿ ಓಡಿ ಬಂದಳು. ಭಾವ ಎತ್ತುಗಳನ್ನು ಎಬ್ಬಿಸಿಯೇಬಿಟ್ಟರು. ನೋಡಿದರೆ ಬೇರೆ ಯಾರದೋ ಮಗಳು, ನೀರು ಕುಡಿಯಲು ಬಂದವಳು. ಭಾವ ಎತ್ತುಗಳನ್ನು ಮತ್ತೆ ಮಲಗಿಸಿದರು. ಎತ್ತುಗಳಿಗೆ ಏನೂ ಅರ್ಥವಾಗಲಿಲ್ಲ.

ಗಂಟೆ ಹೊಡೆಯಿತು. ಎಲ್ಲರೂ ಬಂದರು, ಇವಳು ಬರಲಿಲ್ಲ. "ಒಳಗೇ ಬಿದ್ದಿದ್ದಾಳೆ," ಎಂದು ಭಾವ ಗೇಟು ತಳ್ಳಿ ಹೊರಟರು. ಅಷ್ಟರಲ್ಲಿ ಅವಳು ಎಲ್ಲರಿಗಿಂತ ಹಿಂದೆ, ಬೆರಳಿಗೆ ಹತ್ತಿದ ಶಾಯಿಯನ್ನು ಒರೆಸಿಕೊಳ್ಳುತ್ತಾ ಬಂದಳು. ಕೊನೆಯ ಉತ್ತರ ಉದ್ದವಾಯಿತಂತೆ. "ಹಸಿವಾಗ್ತಾ ಉಟ್ಟು," ಎಂದಳು.

ಭಾವ ಅವಳನ್ನು ಸುತ್ತುಹಾಕಿ ನೋಡಿದರು. ನನ್ನ ಕಡೆ ತಿರುಗಿದರು.

"ನಿಂತಿದ್ದಾಳೆ. ಊಟ ಕೇಳ್ತಾ ಇದ್ದಾಳೆ. ಹಾಗಾದರೆ ಈ ತಿಂಗಳು ಸರಿಯಾಗಿ ಓದಲೇ ಇಲ್ಲ."

ಆದರೂ ಕೊಟ್ಟ ಮಾತಿಗೆ ತಪ್ಪಲಿಲ್ಲ. ಉಳಿದ ಪರೀಕ್ಷೆಗಳನ್ನೂ ಬರೆಯಲಿ ಎಂದರು. ಬರೆದಳು. ಪಾಸಾದಳು. ಮಳೆಗಾಲಕ್ಕೆ ಮುಂಚೆ ಟ್ರಂಕು ಹೊತ್ತು ಮಂಗಳೂರಿಗೆ ಹೋದಳು. ಅದೆಲ್ಲ ಆಮೇಲಿನ ಮಾತು. ಆ ಸಂಜೆ ಮಗಳು ತಮ್ಮ ಜೊತೆ ಬರುವುದಿಲ್ಲ ಎಂದಾದ ಮೇಲೆ, ಹಾಸಿದ ಹುಲ್ಲನ್ನಾದರೂ ಎತ್ತುಗಳಿಗೆ ಹಾಕೋಣ ಎಂದು ಭಾವ ಗಾಡಿಯ ಹಿಂದೆ ಹೋಗಿ ಕಂಬಳಿ ಎತ್ತಿದರು.

ಹುಲ್ಲಿನ ಮೇಲೆ ಅಕ್ಕ ಮಲಗಿದ್ದಳು. ಮೊಣಕಾಲು ಎದೆಗೆ ಒತ್ತಿಕೊಂಡು, ಹಲ್ಲು ಕಚ್ಚಿಕೊಂಡು, ಸದ್ದಿಲ್ಲದೆ.

"ಇವಳಿಗೆ ಎಂತ ಆಯ್ತು?"

"ಅವಳಿಗೂ ಇವತ್ತೇ," ಎಂದರು ಅಜ್ಜಿ, ಎಲೆಯಡಿಕೆ ಉಗುಳಿ. "ಅವಳಿಗೆ ಯಾವಾಗಲೂ ಹೀಗೇ. ಈ ಮನೆಗೆ ಬಂದಂದಿನಿಂದ."

"ನನಗೆ ಯಾರೂ ಹೇಳಲಿಲ್ಲ!"

"ಹೊರಗಿನ ಕೋಣೆಗೆ ನೀನು ಒಂದು ದಿನವಾದರೂ ಇಣುಕಿದವನಾ?"

ನಾನು ಚೀಲದಿಂದ ಗುಳಿಗೆ ತೆಗೆದೆ. ಹುಡುಗಿ ಅವ್ವನ ತಲೆ ಎತ್ತಿ ನೀರು ಕುಡಿಸಿದಳು. ಭಾವ ಕಂಬಳಿಯನ್ನು ಮಡಚಿ ಅಕ್ಕನ ತಲೆಯ ಕೆಳಗಿಟ್ಟರು. ಆಮೇಲೆ ನನ್ನನ್ನು ಬದಿಗೆ ಕರೆದು, ದನಿ ತಗ್ಗಿಸಿ ಕೇಳಿದರು.

"ಟೀಚರಮ್ಮ, ನಿಜ ಹೇಳು. ಇವಳು ಇಷ್ಟು ವರ್ಷ ಗುಟ್ಟಾಗಿ ಎಂತ ಓದ್ತಾ ಇದ್ದದ್ದು?"

ಅಕ್ಕನಿಗೆ ಓದಲು ಬರುವುದಿಲ್ಲ.